'ಕಿಲ್ ಎಮ್ ಆಲ್' ಯಾಕಿನ್ನೂ ಹಳತಾಗಿಲ್ಲ?

ಮೆಟಾಲಿಕಾ ಅಂದ ಕೂಡಲೇ ಎಲ್ಲರೂ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಅಂತಾರೆ. ಒಪ್ಪಿದೆ ಸ್ವಾಮಿ, ಹಾಡು ಕಟ್ಟೋ ಜಾಣ್ಮೆಯಲ್ಲಿ ಅದೇ ದೊಡ್ಡದು. ಆದರೆ ನಾನು ಮತ್ತೆ ಮತ್ತೆ ಕೇಳೋದು ಅವರ ಮೊದಲ ಆಲ್ಬಮ್ 'ಕಿಲ್ ಎಮ್ ಆಲ್'. ಅದು ಬಂದದ್ದು 1983ರ ಜುಲೈನಲ್ಲಿ, ನಾನು ಹುಟ್ಟೋದಕ್ಕೆ ಎಷ್ಟೋ ವರ್ಷ ಮೊದಲು. ಹಾಗಾಗಿ 'ಹಳೇ ನೆನಪಿನ ಮೋಹ' ಅನ್ನೋ ಆರೋಪ ನನ್ನ ಮೇಲೆ ನಡೆಯೋಲ್ಲ :)

ಹಾಡುಗಾರ ಹೆಟ್‌ಫೀಲ್ಡ್, ಡ್ರಮ್ಸ್‌ನ ಉಲ್ರಿಚ್ ಇಬ್ಬರಿಗೂ ಆಗ 19. ಗಿಟಾರಿನ ಕರ್ಕ್ ಹ್ಯಾಮೆಟ್‌ಗೆ 20, ಬೇಸ್ ನುಡಿಸ್ತಿದ್ದ ಕ್ಲಿಫ್ ಬರ್ಟನ್‌ಗೆ 21. ನಮ್ಮಲ್ಲಿ ಆ ವಯಸ್ಸಿಗೆ ಇಂಟರ್ನಲ್ಸ್ ಮಾರ್ಕ್ಸಿನದೇ ಚಿಂತೆ! ದನಿ ಇನ್ನೂ ಎಳಸು, ಸಾಹಿತ್ಯವೂ ಹುಡುಗಾಟದ್ದು, ನಿಜ. ಆದರೆ 'ವಿಪ್‌ಲ್ಯಾಶ್' ಕೇಳಿ. ಬ್ರಿಟಿಷ್ ಹೆವಿ ಮೆಟಲ್ಲಿನ ರಿಫ್ಫಿಗೆ ಪಂಕ್‌ನ ಅವಸರ ಸೇರಿದರೆ ಏನಾಗುತ್ತೆ ಅನ್ನೋದು ಅಲ್ಲಿದೆ. ಇವತ್ತಿನ ಎಷ್ಟೋ ಮೆಟಲ್ ರೆಕಾರ್ಡುಗಳಲ್ಲಿ ಪ್ರತಿ ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಗೆರೆಗೆ ಕೂರಿಸಿರ್ತಾರೆ. ಇಲ್ಲಿ ಕೇಳೋದು ಬರೀ ಕೈಗಳ ಕೆಲಸ. 'ಅನೆಸ್ತೀಸಿಯಾ'ದಲ್ಲಂತೂ ಬರ್ಟನ್ ಬೇಸನ್ನೇ ಲೀಡ್ ಗಿಟಾರ್ ಮಾಡಿಬಿಡ್ತಾನೆ.

ಇನ್ನೊಂದು ಮಾತು ಹೇಳಲೇಬೇಕು. ರೆಕಾರ್ಡಿಂಗಿಗೆ ಸುಮಾರು ಒಂದು ತಿಂಗಳಿರುವಾಗ ಡೇವ್ ಮಸ್ಟೇನ್‌ನನ್ನು ಬ್ಯಾಂಡಿನಿಂದ ಹೊರಹಾಕಿದರು. ಆದರೂ 10ರಲ್ಲಿ 4 ಹಾಡುಗಳಿಗೆ ರಚನಕಾರನಾಗಿ ಅವನ ಹೆಸರೂ ಇದೆ. ಅವನು ಮೆಗಾಡೆತ್ ಕಟ್ಟಿ, 'ದ ಫೋರ್ ಹಾರ್ಸ್‌ಮೆನ್' ಹಾಡಿನ ತನ್ನ ರೂಪವನ್ನು 1985ರಲ್ಲಿ 'ಮೆಕ್ಯಾನಿಕ್ಸ್' ಅಂತ ಇನ್ನೂ ವೇಗವಾಗಿ ನುಡಿಸಿದ. ಎರಡನ್ನೂ ಒಂದಾದ ಮೇಲೊಂದು ಕೇಳಿ, ಆ ಜಗಳ ಕಿವಿಗೇ ಸಿಗುತ್ತೆ. ಕೆಲಸ ಬಿಟ್ಟುಹೋದವರ ಕೋಡು ವರ್ಷಗಟ್ಟಲೆ ಓಡ್ತಾ ಇರೋದನ್ನು ದಿನಾ ನೋಡೋ ನನಗೆ, ಇದು ನಾಲ್ವರ ಆಲ್ಬಮ್ ಅಂದರೆ ಒಪ್ಪೋಕೆ ಮನಸ್ಸಿಲ್ಲ. ಹ್ಯಾಮೆಟ್ ಚೆನ್ನಾಗೇ ನುಡಿಸಿದ್ದಾನೆ, ಸರಿ. ಆದರೆ ಫೋಟೋದಲ್ಲಿ ಇಲ್ಲದ ಐದನೆಯವನನ್ನು ಮರೆತರೆ ಲೆಕ್ಕ ತಪ್ಪುತ್ತೆ. ಈ ಆಲ್ಬಮ್ಮಿನ ಕಾವಿನಲ್ಲಿ ಅರ್ಧ ಅವನದೇ ಅನ್ನೋದು ನನ್ನ ವಾದ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೊನೆಗೆ ನುಡಿಸಿದ್ದು 'ಸೀಕ್ ಅಂಡ್ ಡೆಸ್ಟ್ರಾಯ್'. ಅಷ್ಟು ಹೊತ್ತಿಗೆ ಅವರ ಬಳಿ ದುಡ್ಡು, ಹೆಸರು, ಒಂಬತ್ತು ಸ್ಟುಡಿಯೋ ಆಲ್ಬಮ್ ಎಲ್ಲಾ ಇತ್ತು. ಆದರೂ ಜನರನ್ನು ಮನೆಗೆ ಕಳಿಸೋಕೆ ಬೇಕಾದದ್ದು ಇದೇ ಮೊದಲ ಆಲ್ಬಮ್ಮಿನ ಹಾಡು. ಕಳ್ಕೊಳ್ಳೋಕೆ ಏನೂ ಇಲ್ಲದಾಗ ಮಾಡಿದ ಕೆಲಸವನ್ನು ಆಮೇಲೆ ಎಷ್ಟು ದುಡ್ಡು ಸುರಿದರೂ ಮತ್ತೆ ಮಾಡೋಕಾಗಲ್ಲ.

ನಿಮಗೆ 'ಮಾಸ್ಟರ್'ಏ ಮೇಲು ಅನ್ನಿಸಿದರೆ ಬನ್ನಿ, ಜಗಳ ಆಡೋಣ. ಅದಕ್ಕೂ ಮೊದಲು 'ಹಿಟ್ ದ ಲೈಟ್ಸ್' ಒಂದು ಸಲ ಜೋರಾಗಿ ಹಾಕಿ. ಏನಂತೀರಿ?