ಕನ್ನಡ ಸಿನಿಮಾಕ್ಕೆ ಗ್ರೇಸ್ ಮಾರ್ಕ್ಸ್ ಬೇಡ ಕಣ್ರೀ

ಯಾವುದಾದರೂ ಶುಕ್ರವಾರ ಬಿಡುಗಡೆಯಾದ ಕನ್ನಡ ಸಿನಿಮಾಗಳ ವಿಮರ್ಶೆಗಳನ್ನ ಸಾಲಾಗಿ ಇಟ್ಟುಕೊಂಡು ಓದಿ ನೋಡಿ. ಹೊಸಬರ ಒಳ್ಳೆ ಪ್ರಯತ್ನ, ಮನೆಮಂದಿಯೆಲ್ಲ ಒಮ್ಮೆ ನೋಡಬಹುದು, ಕ್ಯಾಮೆರಾ ಕೆಲಸ ಚೆನ್ನಾಗಿದೆ, ಐದಕ್ಕೆ ಮೂರೂವರೆ. ಒಂದು ಸಿನಿಮಾದ ಹೆಸರು ಅಳಿಸಿ ಇನ್ನೊಂದರ ಹೆಸರು ಬರೆದರೂ ಏನೂ ಗೊತ್ತಾಗಲ್ಲ. ಕನ್ನಡದ್ದು ಅಲ್ವಾ, ನಾವೇ ಬೈದರೆ ಹೇಗೆ ಅನ್ನೋ ಧಾಟಿ. ಪರೀಕ್ಷೇಲಿ ಎರಡು ಮಾರ್ಕ್ಸ್ ಕಮ್ಮಿಯಾದವನನ್ನ ಮೇಷ್ಟ್ರು ದಡ ಸೇರಿಸ್ತಾರಲ್ಲ, ಹಾಗೆ.

ನಾನು ಹೊಟ್ಟೆಪಾಡಿಗೆ ಕೋಡ್ ಬರೆಯೋನು. ನಮ್ಮಲ್ಲಿ ಒಬ್ಬ ಬರೆದದ್ದನ್ನ ಇನ್ನೊಬ್ಬ ಓದಿ ತಪ್ಪು ಹೇಳಬೇಕು ಅಂತ ನಿಯಮ. ಐನೂರು ಸಾಲಿನ ಕೋಡ್‌ಗೆ ಯಾರಾದ್ರೂ "ಚೆನ್ನಾಗಿದೆ" ಅಂತ ಒಂದೇ ಪದ ಬರೆದು ಕಳಿಸಿದ್ರೆ, ಆಸಾಮಿ ಓದೇ ಇಲ್ಲ ಅಂತ ಅರ್ಥ. ತಪ್ಪು ತೋರಿಸಿದವನೇ ನಿಜವಾಗಿ ಓದಿದವನು. ಸಿನಿಮಾಕ್ಕೂ ಇದೇ ಅನ್ವಯಿಸುತ್ತೆ ಅನ್ನೋದು ನನ್ನ ವಾದ.

'ಕಾಂತಾರ'ವನ್ನೇ ತಗೊಳ್ಳಿ. 2022ರಲ್ಲಿ ಬಂದಾಗ ಊರಿಗೆ ಊರೇ ಹೊಗಳಿತು. ಕೊನೆಯ ಇಪ್ಪತ್ತು ನಿಮಿಷ ರಿಷಬ್ ಶೆಟ್ಟಿ ಮಾಡಿರೋದು ನಟನೆ ಅನ್ನೋದಕ್ಕಿಂತ ದೊಡ್ಡದು, ಒಪ್ಪಿದೆ. ಆದರೆ ನಾಯಕ ಲೀಲಾಳ ಸೊಂಟ ಚಿವುಟೋದನ್ನ ತಮಾಷೆ ಅಂತ ತೋರಿಸಿದ್ದಾರಲ್ಲ, ಅದರ ಬಗ್ಗೆ ಮಾತಾಡಿದವರಿಗೆ ಸಿಕ್ಕಿದ್ದು ಬೈಗುಳ. ಅರಣ್ಯ ಇಲಾಖೆ ಕೆಲಸಕ್ಕೆ ಸೇರಿ, ಸ್ವಂತ ಊರಿನ ಜನರ ಎದುರೇ ನಿಲ್ಲಬೇಕಾದ ಹುಡುಗಿ ಅವಳು. ಇಡೀ ಸಿನಿಮಾದಲ್ಲಿ ಅತ್ಯಂತ ಇಕ್ಕಟ್ಟಿನ ಜಾಗದಲ್ಲಿ ಇರೋಳು ಅವಳೇ, ಅವಳ ಕಥೆಯನ್ನೇ ಅರ್ಧಕ್ಕೆ ಬಿಟ್ಟರು. ಇದನ್ನ ಹೇಳಿದರೆ ದೈವಕ್ಕೆ ಅವಮಾನ ಹೇಗಾಗುತ್ತೆ?

ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' 2023ರಲ್ಲಿ ಎರಡು ಭಾಗವಾಗಿ ಬಂತು. ಮೊದಲ ಭಾಗದಲ್ಲಿ ಜೈಲಿನ ಜಾಲರಿಯ ಆಚೀಚೆ ನಿಂತ ರಕ್ಷಿತ್ ಶೆಟ್ಟಿ, ರುಕ್ಮಿಣಿ ವಸಂತ್ ಇಬ್ಬರೂ ಎದೆ ಹಿಂಡಿಬಿಟ್ಟರು. ಎರಡನೇ ಭಾಗದಲ್ಲಿ ಅದೇ ಮನು, ಮದುವೆಯಾದ ಹುಡುಗಿಯ ಸಂಸಾರವನ್ನ ಕದ್ದು ನೋಡ್ತಾ ತಿರುಗ್ತಾನೆ. ಇದು ಪ್ರೀತಿಯೋ ರೋಗವೋ ಅನ್ನೋ ಪ್ರಶ್ನೆ ಸಿನಿಮಾ ಕೇಳುತ್ತೆ, ಆದರೆ ಉತ್ತರದ ಹೊತ್ತಿಗೆ ಅವನ ಪರವೇ ವಾಲುತ್ತೆ. ಚೈತ್ರಾ ಆಚಾರ್ ಅಷ್ಟು ಚೆನ್ನಾಗಿ ಮಾಡಿರೋ ಸುರಭಿ ಪಾತ್ರ ಅವನ ಗಾಯಕ್ಕೆ ಕಟ್ಟೋ ಬಟ್ಟೆಯಷ್ಟೇ ಆಗಿಬಿಡುತ್ತೆ.

ಇಷ್ಟು ಕೊಂಕು ತೆಗೆದ ಮೇಲೆ, ಇಷ್ಟವಾದದ್ದನ್ನ ಹೇಳಿದರೆ ನೀವು ನಂಬಬಹುದು :-)

2024ರ 'ಶಾಖಾಹಾರಿ' ನೋಡಿ. ಮಲೆನಾಡಿನ ಸಣ್ಣ ಹೋಟೆಲು, ಅದನ್ನ ನಡೆಸೋ ಸುಬ್ಬಣ್ಣ. ರಂಗಾಯಣ ರಘು ಅವರನ್ನ ವರ್ಷಗಟ್ಟಲೆ ಬರೀ ಕಿರುಚಾಡೋ ಕಾಮಿಡಿಗೆ ಬಳಸಿಕೊಂಡಿದ್ವಲ್ಲ, ಈ ಸಿನಿಮಾ ನೋಡಿದರೆ ಹೊಟ್ಟೆ ಉರಿಯುತ್ತೆ. ಪೊಲೀಸನಾಗಿ ಗೋಪಾಲಕೃಷ್ಣ ದೇಶಪಾಂಡೆ ಕೂಡ ಅಷ್ಟೇ ತೂಕ.

2025ರ ಮಾರ್ಚ್‌ನಲ್ಲಿ ಬಂದ ಸುಮಂತ್ ಭಟ್ ಅವರ 'ಮಿಥ್ಯ'ದಲ್ಲಿ ಅಪ್ಪ ಅಮ್ಮನ್ನ ಕಳಕೊಂಡ ಹನ್ನೊಂದರ ಹುಡುಗ ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರ್ತಾನೆ. ನಮ್ಮನ್ನ ಅಳಿಸಬೇಕು ಅಂತ ಸಿನಿಮಾ ಎಲ್ಲೂ ಹಟ ಮಾಡಲ್ಲ. ಹುಡುಗ ಸುಮ್ಮನಿರ್ತಾನೆ, ಸಿಟ್ಟಾಗ್ತಾನೆ, ಅಷ್ಟೇ. ಅದೇ ಜಾಸ್ತಿ ನೋಯಿಸುತ್ತೆ.

ಇದೇ ಸುಮಂತ್ ಭಟ್ ಇದ್ದ ತಂಡದ ವೆಬ್ ಸರಣಿ 'ಏಕಂ'. ಕರಾವಳಿಯ ಏಳು ಕಥೆಗಳು, ಎಲ್ಲವೂ ಒಂದೇ ಮಟ್ಟದಲ್ಲಿಲ್ಲ, ಆದರೂ ಟೀವಿ ಧಾರಾವಾಹಿಗಳ ಅತ್ತೆ-ಸೊಸೆ ಜಗಳದಿಂದ ಬಹಳ ದೂರ. ಯಾವ ಒಟಿಟಿಯೂ ಸರಿಯಾಗಿ ಕೈ ಹಿಡಿಯದೆ, ನಿರ್ಮಾಪಕ ರಕ್ಷಿತ್ ಶೆಟ್ಟಿ 2024ರ ಜುಲೈನಲ್ಲಿ ಅದಕ್ಕಂತಲೇ ಒಂದು ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯ್ತು.

ಈಗ ವಿಷಯಕ್ಕೆ ಬರ್ತೀನಿ. 'ಮಿಥ್ಯ'ಕ್ಕೂ ಮೂರೂವರೆ, ಪಕ್ಕದ ಪರದೆಯಲ್ಲಿ ಮಚ್ಚು ಬೀಸೋ ಸಿನಿಮಾಕ್ಕೂ ಮೂರೂವರೆ ಅಂದರೆ ನೋಡುವವನು ಏನು ಮಾಡಬೇಕು? ಮನೆಯಿಂದ ಆಟೋ, ಟಿಕೆಟ್ಟು, ಪಾಪ್‌ಕಾರ್ನ್ ಎಲ್ಲ ಸೇರಿ ನಾಲ್ಕು ಜನಕ್ಕೆ ಸಾವಿರ ರೂಪಾಯಿ ಮೇಲೆ ಹೋಗುತ್ತೆ. ಎರಡು ಸಲ ಮೋಸ ಹೋದವನು ಮೂರನೇ ಸಲ ಮೊಬೈಲಿಗೆ ಬರಲಿ ಬಿಡು ಅಂತ ಸುಮ್ಮನಾಗ್ತಾನೆ. ಅವನು ಸುಮ್ಮನಾದ ಆ ವಾರವೇ ಒಳ್ಳೆ ಸಿನಿಮಾ ಬಂದಿರುತ್ತೆ. ಮುಂದಿನ ವಾರ ಅದು ಥಿಯೇಟರಲ್ಲಿ ಇರಲ್ಲ. ದೊಡ್ಡ ಸ್ಟಾರ್‌ಗಳಿಗೆ ನಮ್ಮ ವಿಮರ್ಶೆ ಬೇಕಾಗಿಲ್ಲ, ಅವರ ಕಟೌಟೇ ಸಾಕು. ಸುಳ್ಳು ಹೊಗಳಿಕೆಯ ಬಿಲ್ಲು ಕಟ್ಟೋದು ಹೆಸರಿಲ್ಲದ ಚಿಕ್ಕ ಸಿನಿಮಾಗಳು.

ಇರೋದೇ ಪುಟ್ಟ ಮಾರುಕಟ್ಟೆ, ನಾವೂ ಹೊಗಳದಿದ್ದರೆ ಹೇಗೆ ಅಂತ ನೀವು ಕೇಳಬಹುದು. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ನೆನಪಿಸಿಕೊಳ್ಳಿ. ಜೆ.ಪಿ. ತೂಮಿನಾಡು ಅವರ ಮೊದಲ ನಿರ್ದೇಶನ, ದೊಡ್ಡ ಸ್ಟಾರ್ ಇಲ್ಲ, ಒಂದು ಊರು, ಒಂದು ದೆವ್ವ. ನೋಡಿ ಬಂದವರು ಪಕ್ಕದ ಮನೆಯವರಿಗೆ ಹೇಳಿದರು, ಥಿಯೇಟರು ತುಂಬಿತು. ಕೊನೆಗೆ ಸ್ವಲ್ಪ ಪಾಠ ಹೇಳೋ ಚಾಳಿ ಇದೆ ನಿಜ, ಆದರೂ ನಗಿಸ್ತಾ ನಗಿಸ್ತಾ ಒಂಟಿ ಹೆಣ್ಣಿನ ಪಾಡನ್ನ ಮುಂದಿಟ್ಟಿತು. ಜನಕ್ಕೆ ನಂಬಿಕೆ ಇದ್ದದ್ದು ನೆರೆಯವರ ಮಾತಿನ ಮೇಲೆ. ಯಾಕಂದ್ರೆ ಸಿನಿಮಾ ಚೆನ್ನಾಗಿಲ್ಲದಿದ್ದರೆ ಅದನ್ನೂ ಹೇಳೋರು ಅವರೇ.

'ಸಂಸ್ಕಾರ' 1970ರಲ್ಲಿ ಬಂದಾಗ ಸೆನ್ಸಾರಿನಿಂದ ಹಿಡಿದು ಎಲ್ಲ ಕಡೆ ಜಗಳ. ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಜಗಳದಿಂದ ಕನ್ನಡ ಸಿನಿಮಾ ಸಾಯಲಿಲ್ಲ.

ಹಾಗಾಗಿ ಮುಂದಿನ ಸಿನಿಮಾ ನೋಡಿ ಬಂದಾಗ "ಸೂಪರ್" ಅಂತ ಮಾತ್ರ ಹಾಕಬೇಡಿ. ಇಷ್ಟವಾದದ್ದು ಒಂದು, ಆಗದ್ದು ಒಂದು, ಎರಡೂ ಬರೀರಿ. ಈ ಲೇಖನದಿಂದಲೇ ಶುರು ಮಾಡಿದರೂ ನನಗೇನೂ ಬೇಜಾರಿಲ್ಲ. ಏನಂತೀರಿ?