ಕೆಂಪು ಎಂಬ ಮಾತಿನ ಹಳೆಯ ಉಸಿರು

ಮಂಗೋಲಿಯಾ ದೇಶದ ರಾಜಧಾನಿಗೆ 1924ರಿಂದ ಉಲಾನ್ ಬಾತರ್ ಎಂಬ ಹೆಸರಿದೆ. ‘ಕೆಂಪು ವೀರ’ ಎಂದು ಅದರ ಅರ್ಥ. ಈ ಹೆಸರಿನ ಉತ್ತರಾರ್ಧ ಕನ್ನಡಿಗರಿಗೆ ತೀರ ಅಪರಿಚಿತವೇನೂ ಅಲ್ಲ. ತುರ್ಕರೂ ಮಂಗೋಲರೂ ವೀರನಿಗೆ ಹೇಳುತ್ತಿದ್ದ ‘ಬಗತೂರ್’ ಎಂಬ ಪದವೇ ಪಾರಸಿಯಲ್ಲಿ ‘ಬಹಾದುರ್’ ಆಗಿ, ಭಾರತಕ್ಕೆ ಬಂದು, ‘ರಾವ್ ಬಹದ್ದೂರ್’ ಎಂಬ ಬಿರುದಿನಲ್ಲಿ ನೆಲೆಸಿತು. ಮಂಗೋಲರ ಬಾಯಲ್ಲಿ ಅದು ಸವೆದು ‘ಬಾತರ್’ ಎನಿಸಿತು. ಪೂರ್ವಾರ್ಧವಾದ ‘ಉಲಾನ್’ ಎಂಬ ಪುಟ್ಟ ಮಾತಿನ ಚರಿತ್ರೆಯಾದರೋ ಇದಕ್ಕಿಂತಲೂ ಸ್ವಾರಸ್ಯವಾದುದು.

ಮಂಗೋಲ ಭಾಷೆಯದು ದೊಡ್ಡ ಮನೆತನ. ಮಂಗೋಲಿಯಾದ ಖಲ್ಖ, ಚೀನದ ಒಳಮಂಗೋಲಿಯಾದ ಚಖಾರ್, ಬೈಕಲ್ ಸರೋವರದ ಆಸುಪಾಸಿನ ಬುರ್ಯಾತ್, ವೋಲ್ಗಾ ನದಿಯ ಕೆಳದಂಡೆಯ ಕಲ್ಮಿಕ್ ಇವು ಹತ್ತಿರದ ಬಂಧುಗಳು. ಖಲ್ಖದವರು ನೀರಿಗೆ ‘ಉಸ್’ ಎಂದರೆ ಬುರ್ಯಾತರು ‘ಉಹನ್’ ಎನ್ನುತ್ತಾರೆ. ಈಶಾನ್ಯ ಚೀನದ ದಾಗೂರ್, ಛಿಂಗ್‌ಹೈ ಪ್ರಾಂತದ ಮೊಂಗ್ವೋರ್, ಅಫಘಾನಿಸ್ತಾನದ ಮೊಘೋಲಿ ಇವು ಎಂದೋ ಮನೆ ಬಿಟ್ಟುಹೋದ ದಾಯಾದಿಗಳು.

ಹತ್ತಿರದ ಬಂಧುಗಳಿಗೆಲ್ಲ ಕೆಂಪು ಎಂದರೆ ‘ಉಲಾನ್’. ದಾಗೂರರಿಗೆ ಮಾತ್ರ ‘ಹುಲಾನ್’; ಮೊಂಗ್ವೋರರಿಗೆ ‘ಫುಲಾನ್’. ಈ ಮೊದಲಕ್ಷರವನ್ನು ದಾಯಾದಿಗಳು ಹೊಸದಾಗಿ ಸೇರಿಸಿಕೊಂಡರೆ? ಅಥವಾ ಮನೆಯವರೇ ಕಳೆದುಕೊಂಡರೆ?

ಮಂಗೋಲರ ಸ್ವಂತ ಲಿಪಿ ಇದಕ್ಕೆ ಉತ್ತರ ಕೊಡಲಾರದು. 1204ರಲ್ಲಿ ಚಂಗೀಸ್ ಖಾನನಿಗೆ ಸೆರೆಸಿಕ್ಕ ತಾತತೊಂಗ ಎಂಬ ಉಯಿಘುರ್ ಅಧಿಕಾರಿಯು ರಾಜಕುಮಾರರಿಗೆ ತನ್ನ ಅಕ್ಷರಗಳನ್ನು ಕಲಿಸಿದನೆಂದು ಚೀನದ ಇತಿಹಾಸಗ್ರಂಥ ತಿಳಿಸುತ್ತದೆ. ಮೇಲಿನಿಂದ ಕೆಳಕ್ಕೆ ಬರೆಯುವ ಆ ಲಿಪಿಯಲ್ಲಿ ಪದದ ಮೊದಲ ಹಕಾರವನ್ನು ಬರೆಯುತ್ತಲೇ ಇರಲಿಲ್ಲ. ಸಾಕ್ಷಿ ದೊರೆತದ್ದು ಪರರ ಲಿಪಿಗಳಲ್ಲಿ. ಕುಬ್ಲೈ ಖಾನನ ಅಪ್ಪಣೆಯಂತೆ ಟಿಬೆಟ್ಟಿನ ಭಿಕ್ಷು ಫಗ್ಸ್-ಪಾ ರಚಿಸಿದ ಲಿಪಿ 1269ರಲ್ಲಿ ಜಾರಿಗೆ ಬಂದಿತು. ಟಿಬೆಟ್ಟಿನ ಅಕ್ಷರಗಳ ಮೂಲಕ ಅದರ ಮೂಲವೂ ಬ್ರಾಹ್ಮಿಯೇ. ಎಂದರೆ, ಕನ್ನಡ ಲಿಪಿಗೆ ಅದು ದೂರದ ಸೋದರಿ. ಅದರಲ್ಲಿ ಹಕಾರ ಸ್ಪಷ್ಟವಾಗಿ ಕಾಣುತ್ತದೆ. ಚೀನೀ ಅಕ್ಷರಗಳಲ್ಲಿ ಉಳಿದುಬಂದ ‘ಮಂಗೋಲರ ರಹಸ್ಯ ಇತಿಹಾಸ’ ಎಂಬ ಗ್ರಂಥದಲ್ಲಿಯೂ ಕೆಂಪು ‘ಹುಲಾನ್’ ಎಂದೇ ಇದೆ. ಫ್ರಾನ್ಸಿನ ವಿದ್ವಾಂಸ ಪಾಲ್ ಪೆಲ್ಲಿಯೊ 1925ರಲ್ಲಿ ಇಂತಹ ಪದಗಳನ್ನು ಕಲೆಹಾಕಿ ಪ್ರಕಟಿಸಿದನು. ಕಳೆದುಕೊಂಡವರು ಮನೆಯವರೇ ಎಂಬುದು ಸಿದ್ಧವಾಯಿತು. ಆ ಹಕಾರಕ್ಕೂ ಹಿಂದೆ ಪಕಾರವೊಂದು ಇದ್ದಿರಬೇಕೆಂಬುದು ಭಾಷಾಶಾಸ್ತ್ರಜ್ಞರ ಊಹೆ.

ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯವೇನು? ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆಯಿತು. ಹಳ್ಳಿಯ ಅಜ್ಜಿಯ ಬಾಯಲ್ಲಿ ಅದು ‘ಆಲು’ ಆಗುವುದೂ ಉಂಟು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಸಾವಿರಾರು ಮೈಲಿ ದೂರದಲ್ಲಿದ್ದುಕೊಂಡು ಒಂದೇ ಹಾದಿಯನ್ನು ತುಳಿದಿವೆ. ಆದರೆ ಹಳಗನ್ನಡದ ಪಕಾರವನ್ನು ಶಾಸನಗಳೂ ಕಾವ್ಯಗಳೂ ಕಾಪಾಡಿವೆ. ಆ ಭಾಗ್ಯ ಎಲ್ಲ ಭಾಷೆಗಳಿಗೂ ಇಲ್ಲ.

ಮಂಗೋಲಿಯಾ 1940ರ ದಶಕದಲ್ಲಿ ರಷ್ಯನ್ ಅಕ್ಷರಗಳನ್ನು ಸ್ವೀಕರಿಸಿ ಹಳೆಯ ಲಿಪಿಯನ್ನು ಬದಿಗಿಟ್ಟಿತು. 2015ರಲ್ಲಿ ಆದ ಶಾಸನದಂತೆ, 2025ರಿಂದ ಸರ್ಕಾರದ ಕಾಗದಪತ್ರಗಳಲ್ಲಿ ಆ ಹಳೆಯ ಲಿಪಿಯೂ ಮರಳಿ ಬರತೊಡಗಿದೆ. ಇದು ಸಂತೋಷದ ಸಂಗತಿ. ಆದರೆ ಲಿಪಿ ಮರಳಿದರೂ ಅದು ಎಂದೂ ಬರೆದಿಡದ ಉಸಿರು ಮರಳದು. ಆ ಉಸಿರು ಇಂದಿಗೂ ಸಜೀವವಾಗಿರುವುದು ದಾಗೂರ್, ಮೊಂಗ್ವೋರರಂಥ ಸಣ್ಣ ಜನಾಂಗಗಳ ನಾಲಿಗೆಯಲ್ಲಿ. ಅವರ ಮಕ್ಕಳೋ ಶಾಲೆಯಲ್ಲಿ ಚೀನೀ ಓದಿ, ಮನೆಯಲ್ಲಿಯೂ ಅದನ್ನೇ ಆಡತೊಡಗಿದ್ದಾರೆ.

ಸಾಮ್ರಾಜ್ಯವೊಂದು ಮರೆತುಬಿಟ್ಟ ಅಕ್ಷರವನ್ನು ಏಳುನೂರು ವರ್ಷಗಳ ಕಾಲ ಜತನದಿಂದ ಉಳಿಸಿಕೊಂಡು ಬಂದವರು ಈ ಮೂಲೆಯ ಹಳ್ಳಿಗರು. ಅಲ್ಲಿನ ಮುದುಕಿಯೊಬ್ಬಳು ಮೊಮ್ಮಗನಿಗೆ ಕೆಂಪು ಬಟ್ಟೆಯನ್ನು ತೋರಿಸಿ ‘ಫುಲಾನ್’ ಎಂದಾಗ, ಆ ಮಗು ಅದನ್ನು ತಿರುಗಿ ನುಡಿದರೆ ಸಾಕು. ಆ ಮಾತಿನ ಆಯುಷ್ಯ ಇನ್ನೊಂದು ತಲೆಮಾರು ಬೆಳೆಯುತ್ತದೆ.