ಕೈಗವಸು ಕೊಂಡರೆ ಸಾಲದು, ತೊಳೆಯಲೂ ಬೇಕು

ಹೋದ ಸಲ ಗುಲಾಬಿ ಗಿಡ ಸವರುವ ವಿಚಾರ ಬರೆಯುವಾಗ ‘ಕೈಗವಸು ಹಾಕಿಕೊಳ್ಳಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೆ. ಆ ಮಾತಿನ ಹಿಂದೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಇದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ.

ನಮ್ಮ ಅತ್ತೆಯವರಿಗೆ 72 ವರ್ಷ. ಬೆಳಗಿನ ಕಾಫಿ ಕುಡಿದು ಹಿತ್ತಿಲಿಗಿಳಿದರೆ ಹತ್ತು ಗಂಟೆಗೆ ಮುಂಚೆ ಒಳಗೆ ಬರೋರಲ್ಲ. ಸಕ್ಕರೆ ಕಾಯಿಲೆ ಇರೋದರಿಂದ ಗಾಯವಾದರೆ ಬೇಗ ಮಾಯುವುದಿಲ್ಲ. ಅದಕ್ಕೇ ಒಂದು ಜೊತೆ ದಪ್ಪ ಬಟ್ಟೆಯ ಗ್ಲೌಸು ತಂದುಕೊಟ್ಟೆ. “ಐವತ್ತು ವರ್ಷ ಬರಿಗೈಲೇ ಮಣ್ಣು ಮುಟ್ಟಿದೀನಿ ಕಣೇ, ಈಗ ಇದೇನು ವೇಷ?” ಎಂದು ಗೊಣಗುತ್ತಲೇ ಹಾಕಿಕೊಂಡರು. ತೊಳೆಯುವ ಕೆಲಸ ನಂದು ಎಂದು ನಾನೇ ಒಪ್ಪಿಕೊಂಡಿದ್ದೆ.

ಒಂದು ಸಂಜೆ ಅದೇ ಗ್ಲೌಸು ಹಾಕಿಕೊಂಡು ನಿಂಬೆಗಿಡದ ಒಣ ಕಡ್ಡಿ ಕತ್ತರಿಸಿದೆ. ಹಾಲಿನವನು ಕೂಗಿದ, ಬಿಚ್ಚಿ ಬಾವಿಕಟ್ಟೆಯ ಮೇಲೆ ಎಸೆದು ಒಳಗೆ ಹೋದವಳು ಮರೆತೇಬಿಟ್ಟೆ. ರಾತ್ರಿ ಮಳೆ. ಬೆಳಿಗ್ಗೆ ಅತ್ತೆ ಆ ಒದ್ದೆ ಗ್ಲೌಸಿಗೇ ಕೈ ತೂರಿಸಿದ್ದಾರೆ. ತೋರುಬೆರಳಿನ ತುದಿಯಲ್ಲಿ ಮುರಿದ ನಿಂಬೆಮುಳ್ಳು ಸಿಕ್ಕಿಕೊಂಡಿತ್ತು. ಚುಚ್ಚಿದ್ದನ್ನು ಅವರು ಮೂರು ದಿನ ಯಾರಿಗೂ ಹೇಳಲಿಲ್ಲ. ಬೆರಳು ಬದನೆಕಾಯಿಯಂತೆ ಊದಿದಾಗ ಪಕ್ಕದ ಮನೆಯವರು ಉಗುರುಸುತ್ತು ಎಂದು ನಿಂಬೆಹಣ್ಣು ತೂತು ಮಾಡಿ ಸಿಕ್ಕಿಸಿದರು. ಅದಕ್ಕೂ ಬಗ್ಗಲಿಲ್ಲ. ಕಡೆಗೆ ಡಾಕ್ಟರು ಕೊಯ್ದು ಕೀವು ತೆಗೆದು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು. ಮೂರು ವಾರ ಡ್ರೆಸಿಂಗು. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಈಗ ತೊಳೆಯುವ ವಿಚಾರಕ್ಕೆ ಬರೋಣ. ಬಟ್ಟೆ ಗ್ಲೌಸನ್ನು ಕೆಸರಿನ ಸಮೇತ ನೀರಿಗೆ ಹಾಕಬೇಡಿ, ಮಣ್ಣು ನೂಲಿನೊಳಕ್ಕೆ ಇಳಿಯುತ್ತೆ. ಒಣಗಲು ಬಿಟ್ಟು ಕಲ್ಲಿಗೆ ಬಡಿಯಿರಿ, ಅರ್ಧ ಕೊಳೆ ಅಲ್ಲೇ ಉದುರುತ್ತದೆ. ಆಮೇಲೆ ಒಳಮೈ ಹೊರಗೆ ತಿರುವಿ, ಪ್ರತಿ ಬೆರಳನ್ನೂ ಬೆಳಕಿಗೆ ಹಿಡಿದು ಮುಳ್ಳು ಇದೆಯೇ ನೋಡಿ. ಈ ಒಂದು ಕೆಲಸ ಮಾತ್ರ ಅವಸರದಲ್ಲಿ ಬೇಡ. ಉಗುರುಬೆಚ್ಚಗಿನ ನೀರಿಗೆ ಸೋಪಿನಪುಡಿ ಹಾಕಿ ಕಾಲು ಗಂಟೆ ನೆನೆಸಿ. ನಂತರ ಎರಡೂ ಕೈಗೆ ಹಾಕಿಕೊಂಡು ಬಾರ್ ಸೋಪಿನಿಂದ ಕೈ ತೊಳೆದ ಹಾಗೇ ಉಜ್ಜಿ ತೊಳೆಯಿರಿ, ಬೆರಳ ಸಂದು ಕೂಡ ಚೊಕ್ಕವಾಗುತ್ತೆ. ಹಲಸಿನ ಮೇಣ ಅಂಟಿದ್ದರೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು. ಬಾಳೆಯ ಕಲೆ ಮಾತ್ರ ಹೋಗೋಲ್ಲ, ಬಿಟ್ಟುಬಿಡಿ. ಮದುವೆಮನೆಗೇನೂ ಹಾಕಿಕೊಂಡು ಹೋಗಬೇಕಿಲ್ಲವಲ್ಲ!

ನೀರು ಬಸಿಯುವಂತೆ ಬೆರಳ ತುದಿಗೆ ಕ್ಲಿಪ್ ಹಾಕಿ, ಬಾಯಿ ಕೆಳಗಾಗಿ ನೇತುಹಾಕಿ. ಬಿಸಿಲಿನಲ್ಲಿ ಒಂದು ಮೈ ಒಣಗಿದ ಮೇಲೆ ತಿರುವಿ ಇನ್ನೊಂದು ಮೈ ಒಣಗಿಸಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೆಲ್ಲಿ ಬರಬೇಕು? ಬಚ್ಚಲೊಲೆಯ ಮೇಲಿನ ಹಗ್ಗವೇ ಗತಿ. ಅರೆ ಒದ್ದೆಯದನ್ನು ಹಾಕಿಕೊಂಡರೆ ಬೆರಳ ಸಂದಿಯಲ್ಲಿ ತುರಿಕೆ ಶುರುವಾಗುತ್ತೆ. ಹಾಗಾಗಿ ಎರಡು ಜೊತೆ ಇಟ್ಟುಕೊಳ್ಳುವುದು ಮೇಲು.

ಚರ್ಮದ ಗ್ಲೌಸಿಗೆ ಈ ಉಪಚಾರ ಆಗದು. ನೆನೆಸಿ ಬಿಸಿಲಿಗೋ ಒಲೆ ಪಕ್ಕಕ್ಕೋ ಇಟ್ಟರೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಮಣ್ಣು ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ. ಬಿರುಸಾಗಿದ್ದರೆ ಎರಡು ತೊಟ್ಟು ಹರಳೆಣ್ಣೆ ಸವರಿದರೆ ಸಾಕು. ರಬ್ಬರಿನದಕ್ಕೆ ಎಣ್ಣೆ ಸೋಕಿಸಬೇಡಿ, ರಬ್ಬರು ಮೆತ್ತಗಾಗಿ ಹಾಳಾಗುತ್ತೆ. ಬಿಸಿಲಿಗೂ ಬಿರುಕು ಬಿಡುತ್ತದೆ. ಒಳಗೆ ನೀರು ತುಂಬಿಸಿ ತೂತು ಇದೆಯೇ ನೋಡಿ, ಒಣಗಿದ ಮೇಲೆ ಚಿಟಿಕೆ ಪೌಡರ್ ಉದುರಿಸಿಡಿ.

ಗಿಡಕ್ಕೆ ಔಷಧಿ ಹೊಡೆಯುವಾಗ ಬಟ್ಟೆ ಗ್ಲೌಸು ಬೇಡವೇ ಬೇಡ, ವಿಷವನ್ನು ಹೀರಿ ಚರ್ಮಕ್ಕೇ ಒತ್ತಿ ಹಿಡಿಯುತ್ತೆ. ಅದಕ್ಕೆ ರಬ್ಬರಿನ ಬೇರೆ ಜೊತೆ ಇಡಿ. ಕೈಯಲ್ಲಿರುವಾಗಲೇ ಹೊರಮೈಯನ್ನು ಸೋಪಿನಿಂದ ತೊಳೆದು ಆಮೇಲೆ ಬಿಚ್ಚಿ. ಮನೆಬಟ್ಟೆಯ ಬಕೆಟ್ಟಿಗೆ ಅದನ್ನು ತರಬೇಡಿ.

ಈಗ ನಮ್ಮ ಗ್ಲೌಸು ಹಿತ್ತಿಲ ಬಾಗಿಲ ಹಿಂದಿನ ಮೊಳೆಯಲ್ಲಿರುತ್ತೆ. ಒಳಗೆ ಚೇಳು, ಜರಿ ಸೇರಿಕೊಳ್ಳಬಹುದೆಂದು ಅತ್ತೆ ಒಗೆಯುವ ಕಲ್ಲಿಗೆ ಎರಡು ಸಲ ಬಡಿದೇ ಹಾಕಿಕೊಳ್ಳೋದು. “ನೀನು ತೊಳೆದಿದ್ದೀಯ ಅಂತ ನಾನು ನಂಬ್ಕೊಂಡು ಕೂರಲ್ಲಮ್ಮ” ಎಂದು ನಗುತ್ತಾರೆ.

ಇನ್ನೊಂದು. ಸವೆಯೋದು ಯಾವಾಗಲೂ ಬಲಗೈ ತೋರುಬೆರಳೇ. ಎರಡೂ ಮೈ ಒಂದೇ ಥರ ಇರುವ ನೂಲಿನ ಗ್ಲೌಸಾದರೆ ವಾರಕ್ಕೊಮ್ಮೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಳ್ಳಿ, ಹೆಚ್ಚು ದಿನ ಬಾಳಿಕೆ ಬರುತ್ತದೆ.